ತೂಕ ಇಳಿಸುವ ಸರ್ಜರಿಗೆ ಬರುವವರು ಯಾರು, ಬಾರದೇ ಉಳಿಯುವವರು ಯಾರು?

ಗುಂಪಿನ ನಿರ್ವಾಹಕರು: ಈ ಸಲದ ಪ್ರಶ್ನೋತ್ತರಕ್ಕೆ ನಮ್ಮ ಗುಂಪಿನ ಸದಸ್ಯೆಯೊಬ್ಬರು ಒಪ್ಪಿಕೊಂಡಿದ್ದಾರೆ. ಬೇರಿಯಾಟ್ರಿಕ್ (ತೂಕ ಇಳಿಸುವ) ಸರ್ಜರಿ ತಂಡದಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿದ್ದಾರೆ. ಆಪರೇಷನ್‌ಗೆ ಮೊದಲು ರೋಗಿ ಮತ್ತು ಮನೆಯವರ ಜೊತೆ ಕೂತು ಮಾತಾಡುವುದು, ಆಮೇಲೆ ವರ್ಷಗಟ್ಟಲೆ ಸಂಪರ್ಕದಲ್ಲಿ ಇರುವುದು ಇವರ ಕೆಲಸ. ಎಷ್ಟು ಕೆಜಿ ಇಳಿಯುತ್ತೆ, ಯಾವ ಆಪರೇಷನ್ ಒಳ್ಳೇದು ಅನ್ನುವ ಪ್ರಶ್ನೆಗಳನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಇವತ್ತಿನ ವಿಷಯ ರೋಗಿಗಳ ಹಿನ್ನೆಲೆ: ವಯಸ್ಸು, ಆದಾಯ, ಓದು, ಕೆಲಸ, ಸಂಸಾರ. ಯಾರೂ ನಿಜ ಹೆಸರು, ಫೋನ್ ನಂಬರ್ ಹಾಕಬೇಡಿ.

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ): ಮೇಡಂ, ನಮ್ಮ ಪ್ರಾಜೆಕ್ಟ್ ಇದೇ ವಿಷಯದ ಮೇಲೆ. ನಾನು ಓದಿದ ಎಲ್ಲಾ ಅಧ್ಯಯನಗಳಲ್ಲಿ ರೋಗಿಗಳ ಹಿನ್ನೆಲೆ ಕೊಡುವ ಮೊದಲ ಟೇಬಲ್‌ನಲ್ಲೂ ಹೆಂಗಸರೇ ಮುಕ್ಕಾಲು ಪಾಲು. ಹಾಗಾದ್ರೆ ಬೊಜ್ಜು ಹೆಂಗಸರಲ್ಲೇ ಜಾಸ್ತಿ ಅಂತ ಬರೆಯಬಹುದಾ?

ಉತ್ತರ: ಹಾಗೆ ಬರೆಯಬೇಡಿ. ಆ ಟೇಬಲ್ ಹೇಳುವುದು ಆಪರೇಷನ್ ಟೇಬಲ್‌ವರೆಗೆ ಬಂದವರ ಬಗ್ಗೆ ಮಾತ್ರ. ಕಾಯಿಲೆ ಯಾರಿಗಿದೆ ಅನ್ನುವುದು ಬೇರೆಯದೇ ಲೆಕ್ಕ.

ಈ ಸರ್ಜರಿ ಮಾಡಿಸಿಕೊಂಡವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಮೆರಿಕದ ಲ್ಯಾಬ್ಸ್ (LABS) ಅಧ್ಯಯನವನ್ನೇ ನೋಡಿ. 10 ಆಸ್ಪತ್ರೆಗಳಲ್ಲಿ 2006ರಿಂದ 2009ರವರೆಗೆ ಸೇರಿಸಿಕೊಂಡ 2,458 ಜನರಲ್ಲಿ ಸುಮಾರು 79% ಹೆಂಗಸರು. ನಡುವಿನ ವಯಸ್ಸು 46, ನಡುವಿನ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 46ರ ಹತ್ತಿರ. ಅದೇ ದೇಶದ ಸಾಮಾನ್ಯ ಜನರನ್ನು ಅಳೆದರೆ ಬೊಜ್ಜಿನ ಪ್ರಮಾಣದಲ್ಲಿ ಗಂಡಸರಿಗೂ ಹೆಂಗಸರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಬಿಎಂಐ 40 ದಾಟಿದ ತೀವ್ರ ಬೊಜ್ಜು ಮಾತ್ರ ಹೆಂಗಸರಲ್ಲಿ ಹೆಚ್ಚು ಎನ್ನುವುದು ನಿಜ. 2017-18ರ ಸಮೀಕ್ಷೆಯಲ್ಲಿ ಅದು ಹೆಂಗಸರಲ್ಲಿ 11.5%, ಗಂಡಸರಲ್ಲಿ 6.9% ಇತ್ತು. ಆದರೂ ಆ ಅಂತರದಿಂದ ಐದರಲ್ಲಿ ನಾಲ್ವರು ಹೆಂಗಸರು ಯಾಕೆ ಅನ್ನುವುದಕ್ಕೆ ಪೂರ್ತಿ ಉತ್ತರ ಸಿಗಲ್ಲ.

ಖರ್ಚು ಕಾರಣ ಅನ್ನೋಣ ಅಂದ್ರೆ, ಸರ್ಕಾರದ ದುಡ್ಡಿನಲ್ಲೇ ಬಹುಪಾಲು ಚಿಕಿತ್ಸೆ ನಡೆಯುವ ಸ್ವೀಡನ್‌ನಲ್ಲೂ ಹೆಂಗಸರು ಮುಕ್ಕಾಲು ಪಾಲಿನಷ್ಟಿದ್ದಾರೆ. ನನಗೆ ಕಾಣುವ ಕಾರಣಗಳು ಬೇರೆ. ಮುಟ್ಟಿನ ತೊಂದರೆ, ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ತೊಂದರೆ), ಬಸಿರು, ಹೆರಿಗೆ ಅಂತ ಹೆಂಗಸರು ಚಿಕ್ಕ ವಯಸ್ಸಿನಿಂದಲೇ ಡಾಕ್ಟರ ಮುಂದೆ ಕೂರುತ್ತಾರೆ, ಅಲ್ಲೇ ತೂಕದ ಮಾತು ಬರುತ್ತೆ. ಅದರ ಜೊತೆಗೆ ಮೈ ನೋಡಿ ಆಡಿಕೊಳ್ಳುವವರ ಮಾತನ್ನೂ ಹೆಚ್ಚಾಗಿ ಕೇಳಿಸಿಕೊಳ್ಳುವವರು ಅವರೇ. ಗಂಡಸಿನ ದೇಹ ದೊಡ್ಡದಾದರೆ 'ಗಟ್ಟಿ ಆಳು' ಅಂತಾರೆ, ಅವನೂ ಹಾಗೇ ನಂಬಿಕೊಂಡಿರ್ತಾನೆ.

ಇದರ ಬೆಲೆ ತೆರುವವರು ಗಂಡಸರೇ. ಅವರು ಬರುವ ಹೊತ್ತಿಗೆ ವಯಸ್ಸು ಹೆಚ್ಚಾಗಿರುತ್ತೆ, ಬಿಎಂಐ ಹೆಚ್ಚಿರುತ್ತೆ, ಬಿಪಿ, ಶುಗರ್, ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ಎಲ್ಲಾ ಕೂಡಿಕೊಂಡಿರುತ್ತೆ. ಆಪರೇಷನ್ ಅಪಾಯವೂ ಅಷ್ಟೇ ಏರುತ್ತೆ. ನಮ್ಮಲ್ಲಿಗೆ ಬರುವ ಗಂಡಸರಿಗೆ 'ಈಗ ಯಾಕೆ ಬಂದ್ರಿ' ಅಂತ ಕೇಳಿದರೆ ತಾವಾಗಿ ಬಂದೆ ಅನ್ನುವವರು ಕಡಿಮೆ. ಮಂಡಿ ಆಪರೇಷನ್ ಮಾಡುವ ಡಾಕ್ಟರ್ 'ಮೊದಲು ತೂಕ ಇಳಿಸಿ' ಅಂದಿರ್ತಾರೆ, ಹೃದಯದ ಡಾಕ್ಟರ್ ಚೀಟಿ ಬರೆದಿರ್ತಾರೆ. ಅಪಾಯಿಂಟ್‌ಮೆಂಟ್ ತಗೊಂಡಿರೋದು ಹೆಂಡತಿ ಅಥವಾ ಮಗಳು.

ಪ್ರತಿಕ್ರಿಯೆ (ಚಾಲಕ ವೃತ್ತಿಯ ಸದಸ್ಯ): ನೀವು ಹೇಳಿದ್ದು ನನ್ನದೇ ಕಥೆ. ಬಿಎಂಐ 44. ಮನೆಯವರಿಗೆ ನನ್ನ ಗೊರಕೆಯಿಂದ ನಿದ್ದೆ ಇಲ್ಲ. ಹಗಲು ಗಾಡಿ ಓಡಿಸುವಾಗ ಕಣ್ಣು ಎಳೆಯುತ್ತೆ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೀನಿ.

ಉತ್ತರ: ಅಣ್ಣ, ಸರ್ಜರಿ ಯೋಚನೆ ಆಮೇಲೆ. ಈ ವಾರವೇ ನಿದ್ದೆಯ ಪರೀಕ್ಷೆಗೆ ಹೋಗಿ. ಗೊರಕೆ, ಹಗಲು ತೂಕಡಿಕೆ, 44ರ ಬಿಎಂಐ ಮೂರೂ ಸೇರಿದರೆ ಸ್ಲೀಪ್ ಆಪ್ನಿಯಾ ಇರುವ ಸಾಧ್ಯತೆ ತುಂಬಾ ಹೆಚ್ಚು. ಉಸಿರಿನ ದಾರಿ ತೆರೆದಿಡೋಕೆ ರಾತ್ರಿ ಹಾಕಿಕೊಳ್ಳುವ ಸಿಪ್ಯಾಪ್ ಯಂತ್ರದಿಂದ ಹಗಲಿನ ತೂಕಡಿಕೆ ಬಹಳ ಜನರಿಗೆ ಬೇಗ ಕಡಿಮೆಯಾಗುತ್ತೆ. ಚಿಕಿತ್ಸೆ ತಗೊಳ್ಳುತ್ತಿರುವ ಚಾಲಕನ ಪರ ವಾದಿಸೋಕೆ ನಮ್ಮಂಥವರಿಗೆ ದಾರಿ ಇರುತ್ತೆ. ಅಪಘಾತ ಆದಮೇಲೆ ಆ ದಾರಿ ಉಳಿಯಲ್ಲ. ಕಣ್ಣು ಎಳೆಯುವ ದಿನ ದಯವಿಟ್ಟು ಸ್ಟೇರಿಂಗ್ ಹಿಡಿಯಬೇಡಿ.

ಪ್ರಶ್ನೆ: ಇದು ದುಡ್ಡಿರೋರ ಸರ್ಜರಿ ಅಂತಾರಲ್ಲ, ನಿಜಾನಾ?

ಉತ್ತರ: ಕಾಯಿಲೆ ಒಂದು ಕಡೆ, ಚಿಕಿತ್ಸೆ ಇನ್ನೊಂದು ಕಡೆ ಅನ್ನುವಂತಾಗಿದೆ.

1989ರಲ್ಲೇ 144 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ವಿಮರ್ಶೆ ಬಂದಿತ್ತು. ಶ್ರೀಮಂತ ಸಮಾಜಗಳಲ್ಲಿ ಬಡ ಹೆಂಗಸರಲ್ಲಿ ಬೊಜ್ಜು ಹೆಚ್ಚು, ಬಡ ದೇಶಗಳಲ್ಲಿ ಉಳ್ಳವರಲ್ಲಿ ಹೆಚ್ಚು ಎಂಬುದು ಅದರಲ್ಲಿ ಕಂಡ ಸಂಗತಿ. ಆಮೇಲಿನ ವರ್ಷಗಳಲ್ಲಿ ದೇಶಗಳ ಆದಾಯ ಏರಿದ ಹಾಗೆ ಬೊಜ್ಜಿನ ಹೊರೆ ಬಡವರ ಕಡೆಗೆ ಜಾರುತ್ತಾ ಬಂದಿದೆ, ಅದೂ ಹೆಂಗಸರಲ್ಲಿ ಮೊದಲು. ಅಗ್ಗದಲ್ಲಿ ಸಿಗೋದು ಸಕ್ಕರೆ, ಎಣ್ಣೆ, ಹಿಟ್ಟಿನ ತಿನಿಸು. ನಡೆದಾಡೋಕೆ ಸುರಕ್ಷಿತ ಜಾಗ ಇರಲ್ಲ. ಪಾಳಿ ಕೆಲಸದಿಂದ ನಿದ್ದೆ ಕೆಡುತ್ತೆ. ಇದರ ಮೇಲೆ ಹುಟ್ಟಿನಿಂದ ಬಂದ ಜೀನ್‌ಗಳ ಪಾತ್ರ ಬೇರೆ. ಇಷ್ಟೆಲ್ಲಾ ಇರುವಾಗ 'ಬಾಯಿ ಕಟ್ಟಲ್ಲ' ಅಂತ ಒಂದೇ ಮಾತಲ್ಲಿ ತೀರ್ಪು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಸರ್ಜರಿಗೆ ಅರ್ಹರು ಯಾರು, ಮಾಡಿಸಿಕೊಂಡವರು ಯಾರು ಅಂತ ಅಮೆರಿಕದಲ್ಲಿ ಹೋಲಿಸಿ ನೋಡಿದ್ದಾರೆ. 2010ರಲ್ಲಿ ಪ್ರಕಟವಾದ ಅಂಥ ಒಂದು ವಿಶ್ಲೇಷಣೆಯ ಪ್ರಕಾರ ಸುಮಾರು 2.2 ಕೋಟಿ ಜನ ಅರ್ಹರಿದ್ದರು. ಅರ್ಹರ ಗುಂಪಿನಲ್ಲಿ ಕಡಿಮೆ ಆದಾಯದವರು, ಕಡಿಮೆ ಓದಿದವರು, ಬಿಳಿಯರಲ್ಲದವರು ಹೆಚ್ಚು. ಆಪರೇಷನ್ ಆದವರಲ್ಲಿ ಬಿಳಿಯರು, ಖಾಸಗಿ ವಿಮೆ ಇದ್ದವರು, ಆದಾಯ ಇದ್ದವರು ಹೆಚ್ಚು. ಇಷ್ಟಾದರೂ ಅಲ್ಲಿ ಒಂದು ವರ್ಷದಲ್ಲಿ ಸರ್ಜರಿ ಆಗೋದು ಅರ್ಹರಲ್ಲಿ ನೂರಕ್ಕೆ ಒಬ್ಬರಿಗೆ.

ವಿಮೆ ಇದೆ ಅಂದ ತಕ್ಷಣ ಸಮಸ್ಯೆ ಮುಗಿಯಲ್ಲ. ಸರ್ಜರಿಗೆ ಮೊದಲು ಮೂರರಿಂದ ಆರು ತಿಂಗಳು ಮೇಲ್ವಿಚಾರಣೆಯಲ್ಲಿ ಡಯಟ್ ಮಾಡಿ ತೋರಿಸಬೇಕು ಅಂತ ಅಲ್ಲಿನ ಹಲವು ವಿಮಾ ಕಂಪನಿಗಳು ಷರತ್ತು ಹಾಕುತ್ತವೆ. ಅದರಿಂದ ಫಲಿತಾಂಶ ಸುಧಾರಿಸುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಸರ್ಜನ್‌ಗಳ ಸಂಘವೇ ಹೇಳಿದೆ. ತಿಂಗಳ ಸಂಬಳದವರು ರಜೆ ಹಾಕಿ ಬರ್ತಾರೆ. ಗಂಟೆ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಒಂದೊಂದು ಭೇಟಿಗೂ ಆ ದಿನದ ಸಂಪಾದನೆ ಹೋಗುತ್ತೆ. ಆಹಾರ ತಜ್ಞರು, ಮನಃಶಾಸ್ತ್ರಜ್ಞರು, ಎಂಡೋಸ್ಕೋಪಿ, ರಕ್ತ ಪರೀಕ್ಷೆ ಅಂತ ನಾಲ್ಕು ದಿನ ನಾಲ್ಕು ಕಡೆ ಓಡಾಡಿಸಿದರೆ ಮೂರನೇ ಭೇಟಿಗೆ ಅವರು ಬರಲ್ಲ. ಫೈಲ್‌ನಲ್ಲಿ 'ರೋಗಿಗೆ ಆಸಕ್ತಿ ಇಲ್ಲ' ಅಂತ ಬರೆದುಬಿಡ್ತಾರೆ. ಆ ವಾಕ್ಯ ಎಷ್ಟು ಸಲ ಸುಳ್ಳಾಗಿರುತ್ತೆ ಅನ್ನೋದು ಫೋನ್ ಮಾಡಿ ವಿಚಾರಿಸಿದರೆ ಗೊತ್ತಾಗುತ್ತೆ.

ಒಳ್ಳೆಯ ಉದ್ದೇಶದ ನಿಯಮವೂ ಹೀಗೆ ಮಾಡಬಹುದು. ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ 2006ರಲ್ಲಿ, ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಸರ್ಜರಿಗೆ ದುಡ್ಡು ಕೊಡ್ತೀವಿ ಅಂದಿತು. ರೋಗಿಗಳ ಸುರಕ್ಷತೆಗೆ ಮಾಡಿದ್ದೇ. ಆದರೆ ಆಮೇಲೆ ಬಿಳಿಯರಲ್ಲದ ಮೆಡಿಕೇರ್ ರೋಗಿಗಳ ಪಾಲು ಇಳಿಯಿತು ಅಂತ ಅಧ್ಯಯನದಲ್ಲಿ ಕಂಡುಬಂತು. 2013ರಲ್ಲಿ ಆ ಷರತ್ತನ್ನು ತೆಗೆದರು.

ಪ್ರಶ್ನೆ (ಅನಾಮಿಕ ಸದಸ್ಯೆ): ಮುಂದಿನ ವಾರ ನನ್ನ ಮೊದಲ ಸಂದರ್ಶನ. ಫಾರ್ಮ್‌ನಲ್ಲಿ ಮದುವೆ, ಓದು, ಕೆಲಸ, ಮನೆಯಲ್ಲಿ ಯಾರ್ಯಾರಿದ್ದಾರೆ, ಕುಡಿತ ಇದೆಯಾ, ಚಿಕ್ಕವರಿದ್ದಾಗ ಏನಾದ್ರೂ ಆಗಿತ್ತಾ ಅಂತೆಲ್ಲಾ ಇದೆ. ನಾನು ಡಿಪ್ರೆಶನ್‌ಗೆ ಮಾತ್ರೆ ತಗೋತೀನಿ. ಬರೆದ್ರೆ ರಿಜೆಕ್ಟ್ ಮಾಡ್ತಾರೆ ಅಂತ ಭಯ. ಮುಚ್ಚಿಡಲಾ?

ಉತ್ತರ: ಮುಚ್ಚಿಡಬೇಡಿ. ಇದೊಂದು ಮಾತಿಗೋಸ್ಕರವೇ ನಾನು ಇವತ್ತಿನ ಪ್ರಶ್ನೋತ್ತರಕ್ಕೆ ಒಪ್ಪಿಕೊಂಡಿದ್ದು.

ನೀವು ಒಬ್ಬರೇ ಅಲ್ಲ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಈ ಸರ್ಜರಿ ಬಯಸುವ ಮತ್ತು ಮಾಡಿಸಿಕೊಳ್ಳುವವರಲ್ಲಿ ಸುಮಾರು 19% ಜನರಿಗೆ ಖಿನ್ನತೆ, 17% ಜನರಿಗೆ ತಡೆಯಲಾಗದೆ ಒಮ್ಮೆಗೇ ಬಹಳ ತಿನ್ನುವ ಬಿಂಜ್ ಈಟಿಂಗ್ ತೊಂದರೆ ಇರುತ್ತೆ. ಚಿಕಿತ್ಸೆಯಲ್ಲಿ ಹಿಡಿತದಲ್ಲಿರುವ ಖಿನ್ನತೆ ಸರ್ಜರಿಗೆ ಅಡ್ಡಿಯಲ್ಲ. ಮುಚ್ಚಿಟ್ಟರೆ ಮಾತ್ರ ಅಪಾಯ. ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಚಿಕ್ಕದು ಮಾಡಿ ಕರುಳಿನ ದಾರಿ ಬದಲಿಸುವ ಆಪರೇಷನ್) ಆದಮೇಲೆ ಮಾತ್ರೆಗಳು ಹೀರಿಕೆಯಾಗುವ ರೀತಿ ಬದಲಾಗಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಬೇರೆ ರೂಪಕ್ಕೆ, ಕೆಲವೊಮ್ಮೆ ಬೇರೆ ಔಷಧಕ್ಕೆ ಬದಲಾಯಿಸಬೇಕಾಗುತ್ತೆ. ನೀವು ಹೇಳದಿದ್ದರೆ ಆಪರೇಷನ್ ಆದ ತಿಂಗಳಲ್ಲಿ ಖಿನ್ನತೆ ಮರಳಿ ಬಂದಾಗ ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ.

ಕುಡಿತದ ಪ್ರಶ್ನೆಯೂ ನಡತೆ ಅಳೆಯೋಕಲ್ಲ. ಬೈಪಾಸ್ ನಂತರ ಮದ್ಯ ರಕ್ತಕ್ಕೆ ಬೇಗ ಏರುತ್ತೆ. ಲ್ಯಾಬ್ಸ್ ರೋಗಿಗಳನ್ನು ಹಿಂಬಾಲಿಸಿದಾಗ ಸರ್ಜರಿಯ ಎರಡನೇ ವರ್ಷದಲ್ಲಿ ಮದ್ಯದ ಸಮಸ್ಯೆ ಹೆಚ್ಚಾಗಿದ್ದು ಕಂಡಿತು. ಗಂಡಸರು, ವಯಸ್ಸು ಕಡಿಮೆ ಇದ್ದವರು, ಸಿಗರೇಟ್ ಸೇದುವವರು, ಮೊದಲೇ ಕುಡಿತದ ರೂಢಿ ಇದ್ದವರು, ತನ್ನವರು ಅಂತ ಯಾರೂ ಇಲ್ಲ ಅನಿಸುವವರು ಇದಕ್ಕೆ ಹೆಚ್ಚು ಸಿಕ್ಕಿಬಿದ್ದಿದ್ದರು. ಆ ಕೊನೆಯ ಕಾರಣವನ್ನು ಗಮನಿಸಿ. ಒಂಟಿತನವನ್ನೂ ರಕ್ತದೊತ್ತಡದ ಹಾಗೆ ಗುರುತು ಹಾಕಿಕೊಳ್ಳಬೇಕಾಗುತ್ತೆ, ಅದಕ್ಕೇ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳೋದು.

ನಾನು ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೇಳ್ತೀನಿ: 'ಮೊದಲ ಎರಡು ವಾರ ಅಡುಗೆ ಯಾರು ಮಾಡ್ತಾರೆ?' ಗಂಡಸರು ಸಾಮಾನ್ಯವಾಗಿ ಹೆಂಡತಿ ಕಡೆ ನೋಡ್ತಾರೆ. ಹೆಂಗಸರು 'ನಾನೇ' ಅಂತಾರೆ, ಇದೆಂಥಾ ಪ್ರಶ್ನೆ ಅನ್ನೋ ಹಾಗೆ. ಯೋಚಿಸಿ, ಸ್ಲೀವ್ ಅನ್ನುವ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗ ತೆಗೆದಿದ್ದಾರೆ. 30 ಮಿಲಿಲೀಟರ್ ಕಪ್ಪಿನಲ್ಲಿ ನೀರನ್ನು ಗುಟುಕು ಗುಟುಕಾಗಿ ಕುಡೀಬೇಕು. ಆಮೇಲೆ ತೆಳು ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನ ಊಟ. ಇದರ ನಡುವೆ ಮನೆಮಂದಿಗೆಲ್ಲಾ ಒಲೆ ಮುಂದೆ ನಿಂತು ಬೇಯಿಸಬೇಕು, ಬಡಿಸಬೇಕು, ರುಚಿ ನೋಡಬೇಕು, ಭಾರದ ಪಾತ್ರೆ ಎತ್ತಬೇಕು. ಈ ಉತ್ತರ ಬಂದ ದಿನ ನಾನು ಆಕೆಯ ಗಂಡನನ್ನೋ ಅಕ್ಕನನ್ನೋ ಒಳಗೆ ಕರೆದು ಕೂರಿಸಿ, ಆ ಹದಿನಾಲ್ಕು ದಿನಕ್ಕೆ ಯಾರು ಯಾವ ಕೆಲಸ ಅಂತ ಬರೆಸಿಕೊಳ್ತೀನಿ. ಬರೆಸದೆ ಕಳಿಸಿದರೆ ಆಗಲ್ಲ.

ಓದಿನ ಬಗ್ಗೆ ಕೇಳೋದು ಔಷಧಿ ಚೀಟಿ, ವಿಟಮಿನ್ ಡಬ್ಬಿಯ ಲೇಬಲ್ ಓದಿಕೊಳ್ಳೋಕೆ ಆಗುತ್ತಾ ಅಂತ ತಿಳಿಯೋಕೆ. ಆಗದಿದ್ದರೆ ಚಿತ್ರದ ಹಾಳೆ ಮಾಡಿಕೊಡ್ತೀವಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಬೇಕು, ಮುಟ್ಟಾಗುವ ಹೆಂಗಸರಲ್ಲಿ ಕಬ್ಬಿಣ ಇನ್ನೂ ಬೇಗ ಖಾಲಿಯಾಗುತ್ತೆ. ಕೆಲಸ ಏನು ಅಂತ ಕೇಳೋದು ಭಾರ ಎತ್ತುವ ಕೆಲಸವಾದರೆ ಎಷ್ಟು ವಾರ ರಜೆ ಬರೆಯಬೇಕು, ಡ್ಯೂಟಿಯಲ್ಲಿ ನಡುನಡುವೆ ನೀರು ಕುಡಿಯೋಕೆ ಬಿಡ್ತಾರಾ ಅಂತ ನೋಡೋಕೆ.

ಬಾಲ್ಯದ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತಿಲ್ಲ. 'ಈಗ ಬೇಡ' ಅಂದರೆ ಸಾಕು. ಕೇಳುವ ಕಾರಣ ಮಾತ್ರ ಹೇಳ್ತೀನಿ. 1980ರ ದಶಕದಲ್ಲಿ ಸ್ಯಾನ್ ಡಿಯೇಗೋದ ಒಂದು ತೂಕ ಇಳಿಸುವ ಕ್ಲಿನಿಕ್‌ನಲ್ಲಿ, ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಮಧ್ಯದಲ್ಲಿ ಬಿಟ್ಟು ಹೋಗುತ್ತಿದ್ದರು. ಡಾ. ವಿನ್ಸೆಂಟ್ ಫೆಲಿಟಿ ಅವರನ್ನು ಕೂರಿಸಿ ವಿಚಾರಿಸಿದಾಗ ಬಹಳ ಜನ ಚಿಕ್ಕಂದಿನ ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿಕೊಂಡರು. ಬಾಲ್ಯದ ಆಘಾತಗಳ ಬಗ್ಗೆ 1998ರಲ್ಲಿ ಬಂದ ದೊಡ್ಡ ಅಧ್ಯಯನಕ್ಕೆ ದಾರಿಯಾಗಿದ್ದೇ ಅದು. ಕೆಲವರಿಗೆ ತೂಕ ಒಂದು ರಕ್ಷಣೆಯಾಗಿ ಇದ್ದಿರುತ್ತೆ, ಅದು ಬೇಗ ಕರಗಿದಾಗ ಭಯ ಮೇಲೆ ಬರುತ್ತೆ. ಆಗ ಜೊತೆಯಲ್ಲಿ ಒಬ್ಬ ಆಪ್ತಸಮಾಲೋಚಕರು ಇರಲಿ ಅನ್ನೋದಕ್ಕೆ ಕೇಳ್ತೀವಿ.

ಅನಾಮಿಕ ಸದಸ್ಯೆ: ಬರೀತೀನಿ ಮೇಡಂ. ಅಡುಗೆ ವಿಷಯ ಇವತ್ತೇ ಮನೇಲಿ ಮಾತಾಡ್ತೀನಿ.

ಪ್ರಶ್ನೆ: ನನ್ನ ಎತ್ತರ 160 ಸೆಂ.ಮೀ., ತೂಕ 74 ಕೆಜಿ. ಶುಗರ್ ಇದೆ, ಎರಡು ಬಗೆ ಮಾತ್ರೆ ನಡೀತಿದೆ. ಡಾಕ್ಟರ್ ಸರ್ಜರಿ ಬಗ್ಗೆ ಮಾತೆತ್ತಿದ್ರು. ನೆಂಟರೆಲ್ಲಾ 'ನೀನೇನ್ ಅಷ್ಟು ದಪ್ಪ ಇದ್ದೀಯಾ' ಅಂತ ಬೈತಿದ್ದಾರೆ.

ಉತ್ತರ: ನಿಮ್ಮ ಬಿಎಂಐ 28.9. 1991ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಹಾಕಿದ ಗೆರೆ ಹೀಗಿತ್ತು: ಬಿಎಂಐ 40, ಅಥವಾ ಜೊತೆಗೆ ಕಾಯಿಲೆ ಇದ್ದರೆ 35. ಮೂವತ್ತು ವರ್ಷ ಅದೇ ನಡೆಯಿತು. 2022ರಲ್ಲಿ ಸರ್ಜನ್‌ಗಳ ಎರಡು ದೊಡ್ಡ ಸಂಘಟನೆಗಳು, ಎಎಸ್‌ಎಂಬಿಎಸ್ ಮತ್ತು ಇಫ್ಸೋ, ಹೊಸ ಗೆರೆ ಹಾಕಿದವು. 35 ದಾಟಿದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಸರ್ಜರಿ ಶಿಫಾರಸು ಮಾಡಬಹುದು. 30ರಿಂದ 34.9ರ ನಡುವೆ ಶುಗರ್‌ನಂಥ ಕಾಯಿಲೆ ಇದ್ದರೆ ಯೋಚಿಸಬಹುದು. ಏಷ್ಯಾ ಮೂಲದವರಿಗೆ 27.5 ದಾಟಿದರೇ ಸರ್ಜರಿಯನ್ನು ಮುಂದಿಡಬಹುದು. ಅದೇ ಬಿಎಂಐನಲ್ಲಿ ನಮ್ಮ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಅದೂ ಹೊಟ್ಟೆಯ ಸುತ್ತ, ಶುಗರ್ ಬೇಗ ಬರುತ್ತೆ, ಅದಕ್ಕೆ ಈ ವ್ಯತ್ಯಾಸ.

ಹಾಗಾಗಿ ನಿಮ್ಮ ಡಾಕ್ಟರ್ ಮಾತಿಗೆ ಆಧಾರವಿದೆ. ಮಾಡಿಸಿಕೊಳ್ಳಲೇಬೇಕು ಅಂತ ಅರ್ಥವಲ್ಲ. ಹಸಿವು, ಶುಗರ್ ಎರಡನ್ನೂ ತಗ್ಗಿಸುವ ಜಿಎಲ್‌ಪಿ-1 ಚುಚ್ಚುಮದ್ದುಗಳನ್ನೂ ಸೇರಿಸಿ ಔಷಧದಲ್ಲಿ ಏನು ಸಾಧ್ಯ ಅಂತ ಕೇಳಿ ತಿಳಿದುಕೊಳ್ಳಿ. ಕಣ್ಣಳತೆಯಲ್ಲಿ ನಿರ್ಧಾರ ಮಾಡುವವರನ್ನು ಮಾತ್ರ ಆ ಕೋಣೆಯಿಂದ ಹೊರಗಿಡಿ.

ಪ್ರಶ್ನೆ: ಈ ಸರ್ಜರಿ ಆದವರ ಸಂಸಾರ ಮುರಿಯುತ್ತೆ ಅಂತಾರೆ. ಹೆಂಡತಿಗೆ ಮಾಡಿಸಬೇಕು ಅಂತಿದ್ದೀವಿ, ಅಮ್ಮ ಹೆದರಿಸ್ತಿದ್ದಾರೆ.

ಉತ್ತರ: ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸ್ವೀಡನ್‌ನ ಎರಡು ದೊಡ್ಡ ದಾಖಲೆಗಳನ್ನು ಬಳಸಿ 2018ರಲ್ಲಿ ಇದನ್ನೇ ನೋಡಿದರು. ಸರ್ಜರಿ ಆದವರನ್ನು ಆಗದವರ ಜೊತೆ ಹೋಲಿಸುತ್ತಾ 1987ರಲ್ಲಿ ಶುರುವಾದ ಎಸ್‌ಓಎಸ್ ಅಧ್ಯಯನ ಅದರಲ್ಲಿ ಒಂದು. ಸರ್ಜರಿಗೆ ಮೊದಲು ಸಂಗಾತಿ ಇದ್ದವರಲ್ಲಿ ಬೇರ್ಪಡುವುದು, ವಿಚ್ಛೇದನ ಹೆಚ್ಚಾಗಿದ್ದು ನಿಜ. ಒಂಟಿಯಾಗಿದ್ದವರಲ್ಲಿ ಮದುವೆ, ಹೊಸ ಸಂಬಂಧ ಕೂಡ ಹೆಚ್ಚಾಯಿತು. ಹೆಚ್ಚು ತೂಕ ಇಳಿದವರಲ್ಲಿ ಈ ಬದಲಾವಣೆಗಳು ಇನ್ನೂ ಹೆಚ್ಚು. ಬಹುಪಾಲು ದಂಪತಿಗಳು ಜೊತೆಯಲ್ಲೇ ಉಳಿದರು ಅನ್ನೋದನ್ನು ಅಮ್ಮನಿಗೆ ಹೇಳಿ. ನಾನು ಕಂಡ ಮಟ್ಟಿಗೆ, ಕಷ್ಟ ಬರೋದು ಮೊದಲೇ ಬಿರುಕಿದ್ದ ಕಡೆ. ಆಕೆ ಹೊರಗೆ ಹೋಗೋಕೆ, ಕೆಲಸ ಹುಡುಕೋಕೆ, ಬೇಡ ಅನ್ನೋಕೆ ಶುರು ಮಾಡಿದಾಗ ಗಂಡನಿಗೆ ಹೊಂದಿಕೊಳ್ಳೋಕೆ ಆಗದೇ ಹೋಗಬಹುದು. ನೀವು ಆಕೆ ಜೊತೆ ಪ್ರತಿ ಭೇಟಿಗೂ ಬನ್ನಿ. ಇನ್ನೊಂದು, ಮಗು ಬೇಕು ಅಂತಿದ್ದರೆ ಸರ್ಜರಿ ಆದಮೇಲೆ ಕನಿಷ್ಠ 12ರಿಂದ 18 ತಿಂಗಳು ಕಾಯಿರಿ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಏರುತ್ತೆ, ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆಯ ಮೇಲೆ ಪೂರ್ತಿ ಭರವಸೆ ಇಡೋಕಾಗಲ್ಲ. ಬೇರೆ ವಿಧಾನ ಕೇಳಿ.

ಪ್ರಶ್ನೆ: ಅತ್ತೆಗೆ 66, ಅಣ್ಣನ ಮಗನಿಗೆ 16. ಇಬ್ಬರಿಗೂ ವಯಸ್ಸಿನ ಕಾರಣಕ್ಕೆ ಆಗಲ್ಲ ಅಂದ್ರು ಯಾರೋ.

ಉತ್ತರ: ವಯಸ್ಸೊಂದೇ ಕಾರಣ ಆಗಲ್ಲ. 2022ರ ಮಾರ್ಗಸೂಚಿಯಲ್ಲಿ ಮೇಲಿನ ವಯಸ್ಸಿನ ಮಿತಿ ಇಲ್ಲ, ಅತ್ತೆಯವರ ದೇಹದ ಶಕ್ತಿ, ಬೇರೆ ಕಾಯಿಲೆ ನೋಡ್ತಾರೆ. ಹುಡುಗನ ವಿಷಯದಲ್ಲಿ, 13ರಿಂದ 19 ವಯಸ್ಸಿನ 242 ಮಕ್ಕಳನ್ನು ಹಿಂಬಾಲಿಸಿದ ಟೀನ್-ಲ್ಯಾಬ್ಸ್ ಅಧ್ಯಯನದಲ್ಲಿ ತೂಕವೂ ಇಳಿಯಿತು, ಶುಗರ್, ಬಿಪಿಯೂ ಸುಧಾರಿಸಿತು. ಆದರೆ ಮೂರು ವರ್ಷದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಬ್ಬಿಣದ ಸಂಗ್ರಹ ತಗ್ಗಿತ್ತು. ಮಾತ್ರೆ ನುಂಗಿಸೋಕೆ ಮನೆಯಲ್ಲಿ ಒಬ್ಬರು ಹಿಂದೆ ಬೀಳಬೇಕು. ಹುಡುಗ ತಾನೇ ಬೇಕು ಅನ್ನುತ್ತಿದ್ದಾನಾ ಅಂತ ಅಪ್ಪ ಅಮ್ಮ ಇಲ್ಲದ ಕೋಣೆಯಲ್ಲಿ ಕೇಳೋ ತಂಡದ ಹತ್ತಿರ ಹೋಗಿ.

ನರ್ಸಿಂಗ್ ವಿದ್ಯಾರ್ಥಿನಿ: ಮೇಡಂ, ಕೊನೆಯದಾಗಿ. ನನ್ನ ಟೇಬಲ್‌ನಲ್ಲಿ ವಯಸ್ಸು, ಲಿಂಗ, ಓದು, ಆದಾಯ, ವೈವಾಹಿಕ ಸ್ಥಿತಿ ಇದೆ. ಇನ್ನೇನು ಸೇರಿಸಲಿ?

ಉತ್ತರ: ಉದ್ಯೋಗದ ಸ್ವರೂಪ ಸೇರಿಸಿ, ಬರೀ 'ಉದ್ಯೋಗಿ' ಅಂತ ಬರೀಬೇಡಿ. ಪಾಳಿಯಾ, ದಿನಗೂಲಿಯಾ, ಸಂಬಳದ ರಜೆ ಇದೆಯಾ ಅಂತ ಕೇಳಿ. ಆಸ್ಪತ್ರೆಗೆ ಬರೋಕೆ ಎಷ್ಟು ಗಂಟೆ ಹಿಡಿಯುತ್ತೆ, ಯಾರು ಕಳಿಸಿದರು ಅಂತಲೂ ಬರೆದುಕೊಳ್ಳಿ. 'ಗೃಹಿಣಿ' ಅಂತ ಬರೆದವರ ಮನೆಯಲ್ಲಿ ಅವರ ಆರೈಕೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳೋದು ಮರೀಬೇಡಿ.

ಫಲಿತಾಂಶ ಹೋಲಿಸುವುದಾದರೆ ಹುಷಾರು. ಅಮೆರಿಕದ ಮಿಷಿಗನ್‌ನ ದಾಖಲೆಗಳಲ್ಲಿ ಕಪ್ಪು ರೋಗಿಗಳಿಗೆ ಬಿಳಿಯರಿಗಿಂತ ಸ್ವಲ್ಪ ಕಡಿಮೆ ತೂಕ ಇಳಿದದ್ದು ಕಂಡಿತು. ಇಂಥ ಅಂಕಿ ಸಿಕ್ಕಾಗ ಅದನ್ನು ಆ ಜನರ ಮೈಗುಣ ಅಂತ ಬರೆದುಬಿಡೋದು ಸುಲಭ. ಎಷ್ಟು ಕಾಯಿಲೆ ಹೊತ್ತು ಬಂದರು, ಆಮೇಲೆ ಎಷ್ಟು ಭೇಟಿಗೆ ಬರಲು ಸಾಧ್ಯವಾಯಿತು ಅನ್ನೋದನ್ನು ನೋಡದೆ ಆ ವಾಕ್ಯ ಬರೆಯಬೇಡಿ.

ಸಾಧ್ಯವಾದರೆ ಎರಡನೇ ಟೇಬಲ್ ಒಂದು ಮಾಡಿ. ಮೊದಲ ಭೇಟಿಗೆ ಬಂದು ಸರ್ಜರಿವರೆಗೆ ತಲುಪದೇ ಹೋದವರ ವಯಸ್ಸು, ಲಿಂಗ, ಆದಾಯ, ಬಿಟ್ಟು ಹೋದ ಹಂತ, ಕಾರಣ. ಇದಕ್ಕೆ ನೈತಿಕ ಸಮಿತಿಯ ಅನುಮತಿ ಬೇರೆ ಬೇಕು, ಫೋನ್ ಮಾಡೋ ಮೊದಲು ತಗೊಳ್ಳಿ. 'ಯಾಕೆ ಬರಲಿಲ್ಲ' ಅಂತ ಕೇಳಿದರೆ ಅವರಿಗೆ ತಪ್ಪಿತಸ್ಥರ ಹಾಗೆ ಅನಿಸುತ್ತೆ. 'ಬರೋಕೆ ಏನು ಅಡ್ಡಿಯಾಯಿತು' ಅಂತ ಕೇಳಿ, ಹೇಳ್ತಾರೆ.